ಸಂಬಂಧದ ಮುಂದೆ ಬರೆದದ್ದು

ಮುಂಗಾರಿನ ಎರಡನೇ ಹದಮಳೆ ಬಿದ್ದಿತ್ತು. ಅರಕಲಗೂಡಿನಾಚೆಯ ಹೊಲಗಳಲ್ಲಿ ಆಲೂಗಡ್ಡೆ ಬಿತ್ತನೆ. ಹೊಂಗೆ ಮರದಡಿ ಹೆಂಗಸರು ಸಾಲಾಗಿ ಕೂತು, ಒಂದೊಂದು ಹೋಳಿನಲ್ಲೂ ಒಂದೆರಡು ಕಣ್ಣು ಉಳಿಯುವಂತೆ ಬೀಜದ ಗಡ್ಡೆ ಕೊಯ್ಯುತ್ತಿದ್ದರು.

ಧನಲಕ್ಷ್ಮಿಯ ಎಡಗೈಯಿಂದ ಗಡ್ಡೆ ಜಾರಿತು. ಎತ್ತಿಕೊಂಡಳು. ಮತ್ತೆ ಜಾರಿತು.

"ಯಾಕಮ್ಮಿ, ಗೂಡ್ಸ್ ಆಟೋ ಬಂತು ಅಂತ ಕೈ ನಡುಗ್ತದಾ?" ಸುಬ್ಬಮ್ಮ ಕಿಚಾಯಿಸಿದಳು.

ಎಲ್ಲರೂ ನಕ್ಕರು. ಆ ಆಟೋದಲ್ಲಿ ಹಾಸನದಿಂದ ಬೀಜದ ಮೂಟೆ ತಂದಿದ್ದ ಧರ್ಮೇಂದ್ರ ಮಾತ್ರ ನಗಲಿಲ್ಲ. ಮೂಟೆ ಇಳಿಸಿ ಬಂದವನೇ ಅವಳ ಮಣಿಕಟ್ಟು ಹಿಡಿದ... ಮೊದಲ ಸಲ!

"ಬೆವರು ತಣ್ಣಗೈತೆ. ಎದೆ ಇಡ್ಕತದಾ?"

"ಬುಟ್ಟಿ ಒತ್ತಾಗ ಮಾತ್ರ. ಗ್ಯಾಸ್ಟ್ರಿಕ್ಕು ಕಣಣ್ಣ... ಮಾತ್ರೆ ನುಂಗಿವ್ನಿ."

"ನಮ್ಮಕ್ಕನೂ ಇಂಗೇ ಅಂತಿದ್ಲು." ಆ ಅಕ್ಕ ಈಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಗಂಡ ತೀರಿ ಒಂಬತ್ತು ವರ್ಷ. ಅಂದಿನಿಂದ ಅವಳಿಗೆ ಒಳಗೆಲ್ಲ ಜೋಮು ಹಿಡಿದ ಹಾಗೆ. ಹಬ್ಬವೂ ಅಷ್ಟೆ, ಜ್ವರವೂ ಅಷ್ಟೆ.

ಮಾರನೆಯ ದಿನ ಅವನೇ ಹಾಸನಕ್ಕೆ ಕರೆದೊಯ್ದ. ಇಸಿಜಿ ಸರಿಯಾಗಿಯೇ ಬಂತು. ಆದರೂ ಡಾಕ್ಟರಿಗೆ ಸಮಾಧಾನವಾಗಲಿಲ್ಲ. "ಹೃದಯದ ರಕ್ತನಾಳದ ಸಿ.ಟಿ. ನೋಡೋಣ" ಎಂದರು.

ಎದೆಬಡಿತ ನಿಧಾನವಾಗಲು ಮಾತ್ರೆ ಕೊಟ್ಟು ಒಂದು ಗಂಟೆ ಕೂರಿಸಿದರು. ಅಷ್ಟರಲ್ಲಿ ಕೌಂಟರಿನಲ್ಲಿ ಧರ್ಮೇಂದ್ರ ಅರ್ಜಿ ತುಂಬಿದ. ಆಮೇಲೆ ಮೇಜಿನ ಮೇಲೆ ಮಲಗಿಸಿ ನರಕ್ಕೆ ಔಷಧಿ ಬಿಟ್ಟಾಗ, ಗಂಟಲಿನಿಂದ ಕಿಬ್ಬೊಟ್ಟೆಯವರೆಗೂ ಬಿಸಿ ಹರಿಯಿತು.

"ಉಸಿರು ಎಳ್ಕೊಳ್ಳಿ... ಹಾಗೇ ಬಿಗಿಹಿಡೀರಿ..."

ಎಷ್ಟು ದಿನಕ್ಕೆ ಮೈಗೊಂದು ಬಿಸುಪು... ಅದೂ ಔಷಧಿಯಿಂದ!

ಡಾಕ್ಟರು ಪರದೆಯ ಮೇಲೆ ತೋರಿಸಿದರು. ಎಡಭಾಗದ ಮುಖ್ಯ ನಾಳ, ಹೊರಡುವ ಕಡೆಯಲ್ಲೇ ದಾರದಷ್ಟು ಸಣ್ಣಗಾಗಿತ್ತು. "ಬೈಪಾಸ್ ಆಗಬೇಕು. ಇವತ್ತೇ ಮೈಸೂರಿಗೆ ಹೊರಡಿ. ಆಂಬುಲೆನ್ಸಿಗೆ ಹೇಳ್ತೀನಿ."

ಧನಲಕ್ಷ್ಮಿಗೆ ಹೆದರಿಕೆಯೂ ಆಗಲಿಲ್ಲ. ಕೌಂಟರಿನಲ್ಲಿ ಕೊಟ್ಟಿದ್ದ ಅಚ್ಚಿನ ಹಾಳೆಯನ್ನೇ ನೋಡುತ್ತಿದ್ದಳು. 'ಜೊತೆಗೆ ಬಂದವರು: ಧರ್ಮೇಂದ್ರ. ಸಂಬಂಧ: ಬ್ರದರ್.'

ಓ... ತೀರಿಹೋದ ಅಕ್ಕನ ಜಾಗ. ಅಷ್ಟೆ.

ಹೊರಗೆ ಬಂದು, "ಆಪರೇಷನ್ ಬ್ಯಾಡ" ಎಂದಳು. "ಯಾರಿಗೋಸ್ಕರ ಮಾಡಿಸ್ಕಳದು? ನೀವು ಓಗಿ ಅಣ್ಣ... ಬಿತ್ತನೆ ದಿನ, ಬಾಡಿಗೆ ಕೆಡ್ತದೆ."

ಊರವರೆಲ್ಲ ಆಡುವ 'ಅಣ್ಣ' ಎಂಬ ಮಾತೇ. ಆದರೂ ಇವತ್ತು ಅದಕ್ಕೆ ಬೇರೆಯೇ ಚೂಪಿತ್ತು. ಧರ್ಮೇಂದ್ರನ ಮುಖ ಇಳಿಯಿತು.

ಕೌಂಟರಿನ ಹುಡುಗಿ ಪ್ರೇಕ್ಷಾ ತಲೆಯೆತ್ತಿದಳು.

"ಅಣ್ಣನಾ? ಅಯ್ಯೋ ಮೇಡಂ, ಅವ್ರು ಹಂಗೆ ಬರ್ದೇ ಇರ್ಲಿಲ್ಲ! ನೋಡಿ ಇಲ್ಲಿ."

ಕೈಬರಹದ ಅರ್ಜಿ. ಸಂಬಂಧದ ಮುಂದೆ ದಪ್ಪ ಅಕ್ಷರದಲ್ಲಿ 'ಬೇಕಾದವರು' ಎಂದು ಬರೆದು, ಅದರ ಮೇಲೆ ಅಡ್ಡಗೀಟು ಎಳೆದಿತ್ತು.

"ಕಂಪ್ಯೂಟರಲ್ಲಿ ಬೇಕಾದವರು ಅಂತ ಬರಲ್ಲ, ಹಸ್ಬೆಂಡಾ, ಬ್ರದರಾ ಹೇಳಿ ಅಂದೆ. ಗಂಡ ಅಂತ ಹಾಕುದ್ರೆ ಅವ್ರನ್ನ ಕೇಳ್ದೆ ಹಾಕ್ದಂಗಾಯ್ತದೆ, ಬ್ರದರ್ರೇ ಹಾಕವ್ವ ಅಂದ್ರು."

ಬೇಕಾದವರು...

ಮದುವೆ ಮನೆಯಲ್ಲಿ, ಸಂತೆಯಲ್ಲಿ, ಯಾರನ್ನಾದರೂ ಪರಿಚಯಿಸುವಾಗ ದಿನಕ್ಕೆ ಹತ್ತು ಸಲ ಆಡುವ ಮಾತು. ಬರೆದದ್ದನ್ನು ಅವಳು ಎಂದೂ ನೋಡಿರಲಿಲ್ಲ. ಹಾಳೆಯ ಮೇಲೆ ಹನಿ ಬಿದ್ದಾಗಲೇ ತಾನು ಅಳುತ್ತಿದ್ದೇನೆಂದು ತಿಳಿದದ್ದು.

"ಯಾವತ್ತಿಂದ?" ಧರ್ಮೇಂದ್ರನತ್ತ ತಿರುಗಿ ಕೇಳಿದಳು.

"ಮೂರು ಬಿತ್ತನೆಯಿಂದ."

"ಬಾಯಿರ್ಲಿಲ್ವಾ?"

"ಬೈತೀರೇನೋ ಅಂತ..."

"ಬೈತಿದ್ದೆ!" ಎಂದಳು.

ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತು. ಸ್ಟ್ರೆಚರಿನ ಮೇಲೆ ಮಲಗಿ ಅವನ ತೋಳು ಹಿಡಿದಳು.

"ನಂಗೆ ಭಯ ಆಯ್ತದೆ ಕಣ್ರೀ."

"ನಂಗೂ."

"ಬದುಕುದ್ರೆ... ಈ ಋಣ ಎಂಗೆ ತೀರ್ಸದು?"

"ತೀರ್ಸ್‌ಬ್ಯಾಡಿ. ಋಣ ತೀರುದ್ರೆ ನೀವು ನಿಮ್ಮೂರಿಗೆ, ನಾನು ನಮ್ಮೂರಿಗೆ."

ಅವಳು ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಸರಿ. ತೀರ್ಸಾಕಿಲ್ಲ ಬುಡಿ."