ಪುತ್ತಿಗೆಯ ಸ್ಪೀಡ್ ಕದ್ದವರು ಯಾರು?

ಫೈಬರ್ ಕೇಬಲನ್ನು ಹಲ್ಲಲ್ಲಿ ಕಚ್ಚಿಕೊಂಡು ಕುಂಬಳೆಯಿಂದ ದುಬೈಗೆ ಈಜಿದವನು ನಾನು. ದಾರಿಯಲ್ಲಿ ಎರಡು ತಿಮಿಂಗಿಲಗಳಿಗೆ ವೈಫೈ ಕೂಡ ಕೊಟ್ಟೆ!

ಅಂಥ ನನ್ನನ್ನು, ಈ ಐವನ್‌ನನ್ನು, ಕುಂಬಳೆ ಪಕ್ಕದ ಅನಂತಪುರದ ಒಂದು ತಗಡಿನ ಶೆಡ್ಡಿನಲ್ಲಿ ಕೂಡಿಹಾಕಿದ್ದರು.

ಬೆಳಗ್ಗೆ ಹತ್ತು ನಲವತ್ತು. ಕಿಟಕಿ ಇಲ್ಲ. ಸುತ್ತ ಸರ್ವರ್‌ಗಳ ಗುಂಯ್‌ಗುಡುವ ಸದ್ದು. ಬಾಗಿಲಾಚೆ ಹನ್ನೆರಡು ಗೂಂಡಾಗಳು... ಒಬ್ಬೊಬ್ಬನೂ ತೆಂಗಿನ ಮರದಷ್ಟು ಎತ್ತರ!

ಬೀಗ ಹಾಕಿದವರು ಪ್ರೇಮನಾಥ. 'ಕಡಲತಾರೆ' ಇಂಟರ್ನೆಟ್ ಕಂಪನಿಯ ಮಾಲಕರು.

"ಎಂತಕ್ಕೆ ಬಂದದ್ದು ನೀನು?" ಬಾಗಿಲ ಸಂದಿಯಿಂದ ಕೇಳಿದರು.

"ಮೋಕ್ಷಿತಾಳ ಲೈನ್ ಬಿಡಿ ಧಣಿ. ಹನ್ನೊಂದಕ್ಕೆ ಕುವೈತಿನ ಆಸ್ಪತ್ರೆಯವರ ಇಂಟರ್‌ವ್ಯೂ ಉಂಟು. ನರ್ಸ್ ಕೆಲಸಕ್ಕೆ."

"ನಮ್ಮ ತಾರೆ ಆಪ್‌ನಲ್ಲಿ ಮಾಡ್ಲಿ. ರಾಕೆಟ್!"

"ಆಸ್ಪತ್ರೆಯವರದ್ದು ಬೇರೆ ಆಪ್. ನಮ್ಮ ಲೈನಲ್ಲಿ ಅದು ತೆವಳ್ತದೆ."

"ಕುವೈತಿನವರು ನಮ್ಮದನ್ನು ಹಾಕಿಕೊಳ್ಳಲಿ."

"ಕುವೈತಿನವರಾ?!"

"ಎಲ್ಲ ಆಪ್‌ಗೂ ಒಂದೇ ಸ್ಪೀಡ್ ಕೊಟ್ಟರೆ ನಮ್ಮದನ್ನು ಯಾರು ಮೂಸ್ತಾರೆ ಮಾರಾಯ? ಹನ್ನೆರಡಕ್ಕೆ ಬಂದು ಬೀಗ ತೆಗೀತೇನೆ."

ಜೀಪು ಹೋಯಿತು.

ಫೋನ್ ಬಡಿದುಕೊಂಡಿತು. ಮೋಕ್ಷಿತಾ! ಪುತ್ತಿಗೆಯಲ್ಲಿ ಗುಡ್ಡದ ಅಡಿಗೆ ಅವಳ ಮನೆ. ಅಲ್ಲಿ ಮೊಬೈಲಿಗೆ ಕರೆ ಬರುತ್ತದೆ, ನೆಟ್ ಬರುವುದಿಲ್ಲ. ಕಡಲತಾರೆಯ ವಯರೇ ಗತಿ.

"ಐವನಣ್ಣ, ನನ್ನ ಮುಖ ಬರೀ ಚೌಕ ಚೌಕ ಕಾಣ್ತದೆ. ಎರಡು ಸಲ ತಪ್ಪಿತು. ಇದು ಲಾಸ್ಟ್ ಅಂತ ಹೇಳಿದ್ದಾರೆ."

"ಹೆದರಬೇಡ ತಂಗಿ. ನಾನು ಒಳಗೆ ನುಗ್ಗಿದ್ದೇನೆ!"

"ನುಗ್ಗಿದ್ದಾ, ಸಿಕ್ಕಿಬಿದ್ದದ್ದಾ?"

"...ಎರಡೂ."

ಬಾಗಿಲಿಗೆ ಹೆಗಲು ಕೊಟ್ಟೆ. ಅನಂತಪುರವೇ ನಡುಗಿತು! ಬಾಗಿಲು ಮಾತ್ರ ಅಲುಗಲಿಲ್ಲ.

ಹತ್ತು ಐವತ್ತನಾಲ್ಕು. ಫೋನ್ ಕಟ್ ಮಾಡದೆಯೇ ಕಂಪ್ಯೂಟರಿಗೆ ಹಾರಿದೆ. ಏಳು ದೇಶಗಳ ಹ್ಯಾಕರ್‌ಗಳು ಸೋತ ಪಾಸ್‌ವರ್ಡ್... ಮೂರೇ ಸೆಕೆಂಡಿನಲ್ಲಿ ಒಡೆದೆ!

ಮೋಕ್ಷಿತಾಳನ್ನು ಮಾತ್ರ ಬಿಡುವ ದಾರಿ ಹುಡುಕಿದೆ. ಇರಲಿಲ್ಲ. ಗಲ್ಫಿನಲ್ಲಿರುವ ಗಂಡನ ಮುಖ ನೋಡಲು ಕಾದವಳು, ಆನ್‌ಲೈನ್ ಕ್ಲಾಸಿನ ಮಕ್ಕಳು, ಎಲ್ಲರೂ ಸ್ಪೀಡ್ ಕಟ್ಟಿಹಾಕಿದ ಒಂದೇ ಹಗ್ಗದಲ್ಲಿ. ಕಟ್ಟಿದರೆ ಇಡೀ ಊರು. ಬಿಚ್ಚಿದರೂ ಇಡೀ ಊರು.

ಹತ್ತು ಐವತ್ತೆಂಟು.

ಆ ಹಗ್ಗವನ್ನೇ ಡಿಲೀಟ್!

"ಬಂತು ಐವನಣ್ಣ! ನನ್ನ ಮೂಗುತಿ ಕೂಡ ಕಾಣ್ತದೆ!... ಅಲ್ಲ, ಪಾಸ್‌ವರ್ಡ್ ನಿಮಗೆ ಹೇಗೆ ಗೊತ್ತು?"

"ಹ್ಯಾಕಿಂಗ್..."

"ಟೈಪ್ ಮಾಡುವಾಗ ಬಾಯಲ್ಲಿ 'ಸೆಲಿನ್' ಅಂದದ್ದು ಕೇಳಿತು. ಅದು ನಿಮ್ಮ ಹೆಂಡತಿಯ ಹೆಸರಲ್ವಾ?"

ಕೀಬೋರ್ಡಿನಿಂದ ಕೈ ತೆಗೆದೆ.

"ಬೇಗ ಹೇಳಿ. ನನಗೆ ಎರಡೇ ನಿಮಿಷ ಉಂಟು."

ಹೇಳಿದೆ. ನಾನು ಕಡಲತಾರೆಯದೇ ಲೈನ್‌ಮ್ಯಾನ್. ಆ ಪಾಸ್‌ವರ್ಡ್ ನಾನೇ ಇಟ್ಟದ್ದು. ಧಣಿ ಹೇಳಿದರು ಅಂತ ಬೇರೆ ಆಪ್‌ಗಳಿಗೆಲ್ಲ ಕಡಿವಾಣ ಹಾಕಿದವನು ನಾನು. 'ತಾರೆ ಆಪ್‌ನಲ್ಲಿ ಸಿನಿಮಾ ಫ್ರೀ' ಎಂದು ಬೆಳಗ್ಗೆ ಚರ್ಚಿನ ಅಂಗಳದಲ್ಲಿ, ಸಂಜೆ ಭಜನಾಮಂದಿರದ ಜಗಲಿಯಲ್ಲಿ ಊರಿಡೀ ಸಹಿ ಹಾಕಿಸಿದವನೂ ನಾನೇ. ಬೇರೆ ಆಪ್ ನಿಧಾನ ಎಂದು ಬರೆದಿದ್ದ ಕಾಗದವನ್ನು ಯಾರೂ ಓದಲಿಲ್ಲ. 'ನಮ್ಮ ಐವನ್ ತಂದದ್ದಲ್ವಾ' ಎಂದರು.

"ನನ್ನ ಅಪ್ಪನೂ?"

"ಮೊದಲನೇ ಸಹಿ."

ಆಚೆ ಕುರ್ಚಿ ಎಳೆದ ಸದ್ದು.

"ಇಂಟರ್‌ವ್ಯೂ ಮುಗೀಲಿ. ಮತ್ತೆ ಬೈತೇನೆ." ಕಟ್ ಮಾಡಿದಳು.

ಹೊರಗೆ ಜೀಪು ಬಂದು ನಿಂತಿತು. ಹನ್ನೆರಡಾಗಿರಲಿಲ್ಲ. ಧಣಿಗೆ ಸುದ್ದಿ ಮುಟ್ಟಿರಬೇಕು... ಈಗ ಊರಿನ ನೆಟ್ ಫಾಸ್ಟ್ ಅಲ್ಲವೇ!

ಹನ್ನೆರಡು ಗೂಂಡಾಗಳೇ? ವಾಚ್‌ಮನ್ ಪೂವಪ್ಪ ಒಬ್ಬರೇ. ಅವರೂ ಚಾ ಕುಡಿಯಲು ಹೋಗಿದ್ದರು.

ಬೀಗದಲ್ಲಿ ಕೀಲಿ ತಿರುಗುತ್ತಿದೆ. ಹೇಗೂ ಸಿಕ್ಕಿಬಿದ್ದಾಯಿತು, ಇದನ್ನೂ ಹೇಳಿಬಿಡುತ್ತೇನೆ...

ನನಗೆ ಈಜು ಬರುವುದಿಲ್ಲ.