ಟ್ರಿಪ್ಲೆಟ್ ಆದ ಮೇಲೆ ಒನ್

ಡ್ರಮ್ ನಿಂತಿತು. ಸಫೀರನ ಗಿಟಾರ್ ಇನ್ನೂ ಸ್ವಲ್ಪ ಮುಂದೆ ಹೋಗಿ, ಒಂಟಿಯಾಗಿ, ಅದೂ ನಿಂತಿತು.

"ಸಾರಿ, ಸಾರಿ. ಫ್ರಮ್ ದ ಟಾಪ್," ಎಂದಳು ಸಮೀಕ್ಷಾ.

"ಎಷ್ಟು ಸಲ ಟಾಪ್ ಮಾರಾಯ್ತಿ? ಒಂದು ಗಂಟೆಯಿಂದ ನಾವು ಟಾಪಲ್ಲೇ ಇದ್ದೇವೆ," ಎಂದ ಸಫೀರ್. ಇಬ್ಬರೂ ಆರನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಮ್ಯೂಸಿಕ್ ರೂಮಿನಲ್ಲಿ ಅವರ ಬ್ಯಾಂಡಿನ ಪ್ರಾಕ್ಟೀಸ್.

ತೊಂದರೆ ಶಫಲ್ ಎಂಬ ತಾಳದ್ದಲ್ಲ. ಅದು ಸಮೀಕ್ಷಾಳಿಗೆ ಎಂದೋ ಕೈಗೆ ಬಂದಿತ್ತು. ಒನ್-ಟ್ರಿಪ್-ಲೆಟ್, ಟೂ-ಟ್ರಿಪ್-ಲೆಟ್ ಎಂದು ಮನಸ್ಸಿನಲ್ಲೇ ಮೂರು ಮೂರು ಎಣಿಸಬೇಕು, ನಡುವಿನ ಏಟನ್ನು ನುಂಗಿಬಿಡಬೇಕು. ಟಂ... ಟ-ಟಂ... ಟ-ಟಂ. ಅದನ್ನು ಬಾರಿಸುವಾಗ ಕುಳಿತಲ್ಲೇ ಭುಜ ಕುಣಿಯುತ್ತದೆ. ಅವಳಿಗೆ ಜಗತ್ತಿನಲ್ಲಿ ಅದಕ್ಕಿಂತ ಇಷ್ಟದ್ದು ಬೇರೆ ಇರಲಿಲ್ಲ.

ತೊಂದರೆ ಆಮೇಲೆ, ಸಾಲಿನ ಕೊನೆಗೆ ಬರುವ ಫಿಲ್ ಎಂಬ ತುಣುಕಿನದ್ದು. ಅಲ್ಲಿ ನುಂಗಿದ್ದನ್ನೂ ಸೇರಿಸಿ ಹನ್ನೆರಡು ಏಟು ಒಂದೇ ಉಸಿರಿಗೆ ಹೊಡೆದು, ಮುಂದಿನ ಸುತ್ತಿನ 'ಒನ್' ಬಂದಾಗ ಸಿಂಬಲ್ ಮೇಲೆ ಢಂ ಎಂದು ಇಳಿಯಬೇಕು. ಹನ್ನೆರಡರಲ್ಲಿ ಒಂದು ತಪ್ಪಿದರೂ ಸಮೀಕ್ಷಾ ನಿಲ್ಲಿಸಿಬಿಡುತ್ತಿದ್ದಳು. ಒಂದು ಅಕ್ಷರ ಸೊಟ್ಟಗಾದರೆ ಇಡೀ ಸಾಲನ್ನು ರಬ್ಬರಿನಿಂದ ಉಜ್ಜಿ ಮತ್ತೆ ಬರೆಯುವ ಹುಡುಗಿ ಅವಳು.

ಮ್ಯೂಸಿಕ್ ಕಲಿಸುವ ಮಾರ್ಸೆಲ್ ಸರ್ ಕೀಬೋರ್ಡಿನ ಒಂದು ಗುಂಡಿ ಒತ್ತಿದರು. ಒಳಗಿಂದ ಶಫಲ್ ಬಂತು, ಫಿಲ್ ಬಂತು, ಢಂ ಬಂತು.

"ಗುರುವಾರ ಆನ್ಯುವಲ್ ಡೇ. ಬುಧವಾರ ಲಾಸ್ಟ್ ರಿಹರ್ಸಲ್. ಆಗಲೂ ಹೀಗೇ ನಿಂತ್ರೆ ನಾನು ಈ ಮೆಷಿನ್ ಬೀಟ್ ಹಾಕ್ತೇನೆ. ಇದು ನಿಲ್ಲುದಿಲ್ಲ, ನೋಡು," ಎಂದರು.

ಸಮೀಕ್ಷಾಳಿಗೆ ಆ ಕೀಬೋರ್ಡನ್ನು ನೋಡಿ ಹೊಟ್ಟೆ ಉರಿಯಿತು.

ಸತ್ವಾ ಬಡಾವಣೆಯ ಹಳೇ ವಿಲ್ಲಾದಲ್ಲಿ ಸಮೀಕ್ಷಾಳ ಮನೆ ಎಂದರೆ ಒಂದೇ ಕೋಣೆ. ಪಕ್ಕದ ಕೋಣೆಯಲ್ಲಿ ಕಜೆತಾನ್ ಅಂಕಲ್. ನಡುವಿನ ಗೋಡೆ ಬರೀ ಪ್ಲೈವುಡ್. ಸಮೀಕ್ಷಾ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಟವೆಲ್ ಹಾಸಿದಳು, ಬಕೆಟನ್ನು ಬೋರಲು ಹಾಕಿದಳು. ಹಾಲಿನ ಪುಡಿ ಡಬ್ಬಿಯ ಮುಚ್ಚಳ ಸಿಂಬಲ್ ಆಯಿತು.

"ಮೆಲ್ಲ ಬಾರಿಸು. ಅಂಕಲ್ ರಾತ್ರಿಯಿಡೀ ಜೆಬೆಲ್ ಅಲಿ ಬಂದರಿನಲ್ಲಿ ಕ್ರೇನ್ ನಡೆಸಿ ಬಂದು ಮಲಗಿದ್ದಾರೆ," ಎಂದರು ಅಮ್ಮ.

"ಓಕೆ ಅಮ್ಮ. ಫುಲ್ ಸಾಫ್ಟ್."

ಭಾನುವಾರ ಮೆಲ್ಲಗೆ ಬಾರಿಸಿದಳು. ಸೋಮವಾರವೂ ಮೆಲ್ಲಗೇ. ಮಂಗಳವಾರ ಮಧ್ಯಾಹ್ನ ಒಂಬತ್ತನೇ ಏಟು ತಪ್ಪಿತು, ನಿಲ್ಲಿಸಿದಳು. ಮತ್ತೆ ಮೊದಲಿಂದ. ಹನ್ನೊಂದನೆಯದು ತಪ್ಪಿತು, ನಿಲ್ಲಿಸಿದಳು. ಆಗ ಬಾಗಿಲು ಬಡಿದ ಸದ್ದಾಯಿತು.

ಲುಂಗಿ ಉಟ್ಟು, ತಲೆಗೂದಲು ಕೆದರಿಕೊಂಡು ಕಜೆತಾನ್ ಅಂಕಲ್ ನಿಂತಿದ್ದರು. ಸಮೀಕ್ಷಾ ಕೋಲುಗಳನ್ನು ಕೆಳಗಿಟ್ಟಳು.

"ತಪ್ಪಾಯ್ತು ಅಣ್ಣ. ಈಗ್ಲೇ ನಿಲ್ಲಿಸ್ತಾಳೆ," ಎಂದರು ಅಮ್ಮ.

"ಅವಳು ನಿಲ್ಲಿಸುದೇ ನನ್ನ ಕಷ್ಟ ಅಕ್ಕ," ಎಂದು ಅಂಕಲ್ ಬಾಗಿಲಲ್ಲೇ ಕುಳಿತುಬಿಟ್ಟರು. "ಇವಳು ಟಕಟಕಟಕ ಅಂತ ಬರ್ತಾಳೆ. ಈಗ ಢಂ ಬರ್ತದೆ ಅಂತ ನಾನು ದಿಂಬು ಹಿಡ್ಕೊಂಡು ಕಾಯ್ತೇನೆ. ಬರುದಿಲ್ಲ. ಮತ್ತೆ ಶುರು. ಮೂರು ದಿವಸ ಆಯ್ತು, ಒಂದೇ ಒಂದು ಢಂ ಬರ್ಲಿಲ್ಲ. ಮನುಷ್ಯ ಮಲಗುದು ಹೇಗೆ?"

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಬಟ್ ಅಂಕಲ್, ನಡುವೆ ಮಿಸ್ಟೇಕ್ ಆಗ್ತದೆ."

"ಆಗ್ಲಿ. ಗೋಡೆಯ ಆಚೆ ಮಲಗಿದವನಿಗೆ ಅದೆಲ್ಲ ಗೊತ್ತಾಗುದಿಲ್ಲ. ನನ್ನ ಢಂ ಕೊಟ್ಟುಬಿಡು, ನಾನು ಹೋಗ್ತೇನೆ."

ಸಮೀಕ್ಷಾ ಕೋಲು ಎತ್ತಿಕೊಂಡಳು. ಹನ್ನೆರಡರಲ್ಲಿ ಎಂಟನೆಯದು ಎಡವಿತು. ಕೈ ತಾನಾಗಿ ನಿಲ್ಲಲು ಹೊರಟಿತು. ಅಂಕಲ್ ಮಾತ್ರ ಹುಬ್ಬು ಏರಿಸಿ, ಬಾಯಿ ಅರ್ಧ ತೆರೆದು ಕಾಯುತ್ತಲೇ ಇದ್ದರು. ಅವರಿಗೋಸ್ಕರ ಅವಳು ಮುಂದೆ ಹೋದಳು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಮುಚ್ಚಳದ ಮೇಲೆ ಢಂ.

"ಹಾಂ," ಎಂದು ಅಂಕಲ್ ಎದ್ದು ಹೋದರು. ಇನ್ನೂ ನಾಲ್ಕು ಫಿಲ್ ಆಗುವಷ್ಟರಲ್ಲಿ ಪ್ಲೈವುಡ್ಡಿನ ಆಚೆಯಿಂದ ಗೊರಕೆ ಕೇಳಿಸಿತು. ಸಮೀಕ್ಷಾಳಿಗೆ ಖುಷಿ ತಡೆಯಲಾಗಲಿಲ್ಲ. ಕತ್ತಲಾಗುವವರೆಗೂ ಬಾರಿಸಿದಳು.

ಬುಧವಾರ ಮಾರ್ಸೆಲ್ ಸರ್ ಕೀಬೋರ್ಡಿನ ಪ್ಲಗ್ ಹಾಕಿಟ್ಟುಕೊಂಡೇ ಕುಳಿತಿದ್ದರು.

"ಯಲ್ಲಾ, ಶುರು, ಒನ್, ಟೂ," ಎಂದ ಸಫೀರ್.

ಶಫಲ್ ಹೊರಟಿತು. ಸಮೀಕ್ಷಾಳ ಭುಜ ಕುಣಿಯತೊಡಗಿತು. ಫಿಲ್ ಬಂತು. ನಾಲ್ಕು, ಐದು, ಆರು. ಆರನೆಯದು ಡ್ರಮ್ಮಿನ ಅಂಚಿಗೆ ತಾಗಿ ಟಿಕ್ ಎಂದಿತು.

ಅವಳು ತಲೆಯೆತ್ತಿದಳು. ಸಫೀರ್ ಗಿಟಾರಿನ ತಂತಿಯ ಮೇಲೆ ಕೈ ಎತ್ತಿ ಹಿಡಿದು ಅವಳನ್ನೇ ನೋಡುತ್ತಿದ್ದ, ಹುಬ್ಬು ಏರಿಸಿಕೊಂಡು. ಇಷ್ಟು ದಿನವೂ ಇವನು ಹೀಗೇ ಕಾಯುತ್ತಿದ್ದನಾ? ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಕಣ್ಣು ಯಾವಾಗಲೂ ತನ್ನ ಕೈಗಳ ಮೇಲೇ ಇತ್ತು.

ಹತ್ತು, ಹನ್ನೊಂದು, ಹನ್ನೆರಡು.

ಢಂ. ಅದೇ ಕ್ಷಣಕ್ಕೆ ಸಫೀರನ ಕೈಯೂ ತಂತಿಯ ಮೇಲೆ ಇಳಿಯಿತು. ಹಾಡು ನಿಲ್ಲದೆ ಮುಂದೆ ಹೊರಟಿತು, ಅವನ ಮುಖದಲ್ಲಿ ಇಷ್ಟಗಲ ನಗು.

ಮಾರ್ಸೆಲ್ ಸರ್ ಎದ್ದು ಕೀಬೋರ್ಡಿನ ಪ್ಲಗ್ ಕಿತ್ತರು. ಸಮೀಕ್ಷಾ ಅದನ್ನು ನೋಡಿದಳೋ ಇಲ್ಲವೋ. ಮುಂದಿನ ಫಿಲ್ ಹತ್ತಿರ ಬರುತ್ತಿತ್ತು. ಈ ಸಲ ಅವಳು ತನ್ನ ಕೈಗಳನ್ನು ನೋಡಲಿಲ್ಲ. ಸಫೀರನ ಮುಖ ನೋಡುತ್ತಾ ಬಾರಿಸಿದಳು.