ಅವಳ ಸೀಟಿನಲ್ಲಿ ಕೇಳಿದ ಹಾಡು

"ನಾಲ್ಕೂವರೆ?! ಹತ್ತಕ್ಕೆ... ನಾಲ್ಕೂವರೆನಾ?"

ಕಾರಿನ ಕಿಟಕಿಯೊಳಗೆ ತಲೆ ತೂರಿಸಿ ಹಾಗೆ ಕೇಳಿದವನ ಮುಖ ಅವಳ ಮುಖದಿಂದ ಒಂದೇ ಗೇಣು ದೂರದಲ್ಲಿತ್ತು. ಅವಳು ಆಗಷ್ಟೇ ಕಣ್ಣು ಬಿಟ್ಟಿದ್ದಳು. ಹಾಡು ಕೇಳುವಾಗ ಕಣ್ಣು ಮುಚ್ಚಿಕೊಳ್ಳುವುದು ಅವಳ ಪದ್ಧತಿ. ಬಿಟ್ಟ ತಕ್ಷಣ ಕಂಡದ್ದು ನಿದ್ದೆಗೆಟ್ಟು ಕೆಂಪಾಗಿದ್ದ ಎರಡು ಕಣ್ಣು.

'ಅಬ್ಬಾ! ಇಷ್ಟು ಚೆಂದದ ಕಣ್ಣಲ್ಲಿ ಇಷ್ಟೊಂದು ಸಿಟ್ಟಾ?' ಎಂದುಕೊಂಡಳು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಕೊಟ್ಟಿದ್ದೇ ಜಾಸ್ತಿ ಆಯ್ತು."

ಕಾರ್ಖಾನೆಯಲ್ಲೇ ಕಾರಿಗೆ ಕೂರಿಸಿ ಕಳಿಸುವ ಸ್ಟೀರಿಯೋ ಹೇಗೆ ಹಾಡುತ್ತದೆ ಎಂದು ಕಿವಿಯಿಂದ ಅಳೆದು ಅಂಕ ಕೊಡುವುದು ಅವಳ ಕೆಲಸ. ಐದು ಜನ ಕೇಳುಗರ ಆ ಮಂಡಳಿಯಲ್ಲಿ ಅವಳೊಬ್ಬಳೇ ಹೆಂಗಸು. ಎಲ್ಲರಿಗಿಂತ ಗಿಡ್ಡಿಯೂ ಅವಳೇ. ಯಾವ ಕಾರಿಗೆ ಅಂಕ ಕೊಟ್ಟರೂ ಕೊನೆಗೊಂದು ಅರ್ಧ ಕತ್ತರಿಸದೆ ಬಿಡುವವಳಲ್ಲವಾದ್ದರಿಂದ ಇಡೀ ವಿಭಾಗಕ್ಕೆ ಅವಳು 'ಅರ್ಧ ಮಾರ್ಕು'.

ಕಿಟಕಿಯಲ್ಲಿ ನಿಂತವನು ಧ್ವನಿ ಇಂಜಿನಿಯರ್. ಈ ವಿಭಾಗಕ್ಕೆ ಹೊಸಬ. ಬಾಗಿಲಿನಿಂದ ಒಳಗೆ ಬರುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ. ಬಂದ ಎರಡನೇ ದಿನಕ್ಕೇ ಅವನಿಗೂ 'ಏಣಿ' ಎಂಬ ನಾಮಕರಣವಾಗಿತ್ತು. ಇಲ್ಲಿಗೆ ಬರುವ ಮುನ್ನ ಎಂಟು ತಿಂಗಳು ಹಗಲಿರುಳೆನ್ನದೆ ಅವನು ಶ್ರುತಿ ಮಾಡಿದ್ದ ಸ್ಟೀರಿಯೋಗೆ ಅವಳು ಈಗ ಫೇಲು ಅಂಕ ಕೊಟ್ಟು ಕೂತಿದ್ದಳು!

"ಮಿಕ್ಕ ನಾಲ್ಕೂ ಜನ ಎಂಟರ ಮೇಲೆ ಕೊಟ್ಟಿದಾರೆ, ಗೊತ್ತಾ?"

"ಅವರ ಕಿವಿ ಅವರಿಗೆ, ನನ್ನ ಕಿವಿ ನನಗೆ. ಹಾಡೋಳು ಎದುರಿಗೆ, ನಟ್ಟನಡುವೆ ನಿಂತು ಹಾಡ್ಬೇಕು. ನಿಮ್ಮ ಕಾರಲ್ಲಿ ಅವಳು ಆ ಕಡೆ ಬಾಗಿಲಿಗೆ ಅಂಟ್ಕೊಂಡು ನಿಂತಿದಾಳೆ. ಬಸ್ಸಲ್ಲಿ ಜಾಗ ಸಿಗದವರ ಥರ!"

ನಗುತ್ತಾನೆ ಅಥವಾ ಕೂಗಾಡುತ್ತಾನೆ ಎಂದುಕೊಂಡಳು. ಅವನು ಎರಡನ್ನೂ ಮಾಡಲಿಲ್ಲ. ಆ ಕಡೆ ಬಾಗಿಲನ್ನೇ ನೋಡಿದ.

"ಅಳತೆಗಿಟ್ಟ ಮೈಕ್ ಹಾಗೆ ಹೇಳ್ತಿಲ್ಲ..." ಎಂದ, ದನಿ ಇಳಿಸಿ.

"ಕಾರು ಕೊಂಡ್ಕೊಳ್ಳೋದು ಮೈಕಾ, ಮನುಷ್ಯರಾ?"

ಕಡ್ಡಿ ಮುರಿದಂತೆ ಹೇಳಿ ಅವಳು ಇಳಿಯಲು ಹೊರಟಳು. ಇಳಿಯುವ ಮುನ್ನ ಅಭ್ಯಾಸದಂತೆ ಸೀಟನ್ನು ಹಿಂದೆ ಇದ್ದಲ್ಲಿಗೇ ತಳ್ಳಿದಳು. ಅವಳ ಅಮ್ಮ ಡ್ರೈವಿಂಗ್ ಶಾಲೆಯ ಟೀಚರ್. ಪರರ ಕಾರಿನಲ್ಲಿ ಕೂತರೆ ಸೀಟು ಹೇಗಿತ್ತೋ ಹಾಗೇ ಬಿಟ್ಟು ಇಳಿಯಬೇಕೆಂಬ ಮರ್ಯಾದೆಯನ್ನು ಮಗಳಿಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು.

ಮರುದಿನ ಅವನು ಮತ್ತೆ ಬಂದ. ಕೈಯಲ್ಲಿ ಲ್ಯಾಪ್‌ಟಾಪು, ಕಂಕುಳಲ್ಲಿ ಚಹಾದ ಫ್ಲಾಸ್ಕು.

"ಅವಳು ಎಲ್ಲಿ ನಿಂತಿದಾಳೆ ಅಂತ ಬೆರಳು ಮಾಡಿ ತೋರಿಸಿ. ನಾನು ಸರಿ ಮಾಡ್ತೀನಿ."

ಹೀಗೆ ಶುರುವಾಯಿತು. ಮೂರು ವಾರ, ದಿನಾ ಸಂಜೆ ಒಂದು ಗಂಟೆ. ಅವಳು ಸ್ಟೀರಿಂಗ್ ಹಿಂದೆ ಕಣ್ಣು ಮುಚ್ಚಿ ಕೂರುವಳು. ಅವನು ಪಕ್ಕದ ಸೀಟಿನಲ್ಲಿ ಮಂಡಿ ಮಡಚಿಕೊಂಡು ಕೂತು ಗುಂಡಿಗಳನ್ನು ತಿರುಗಿಸುವನು.

"ಈಗ?"

"ಊಹೂಂ."

"ಈಗ?"

"ಒಂದು ಹೆಜ್ಜೆ ಈಚೆ ಬಂದ್ಲು. ಅಯ್ಯೋ, ಮತ್ತೆ ಹೋದ್ಲು..."

ಅವನು ನಗುತ್ತಿದ್ದ. ಆ ನಗು ಮಾತ್ರ ನಟ್ಟನಡುವೆಯೇ, ನೇರ ಅವಳ ಎದೆಯೊಳಗೇ ಕೇಳಿಸುತ್ತಿತ್ತು. 'ಸುಮ್ನಿರು ಮನಸೇ! ಕೆಲಸ ನೋಡು!' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಮನಸ್ಸು ಯಾರ ಮಾತು ಕೇಳಿದ್ದುಂಟು?

ಆದರೆ ಅಂಕ ಮಾತ್ರ ಏರಲಿಲ್ಲ. ಅವಳಿಗೆ ಸರಿಯೆನಿಸುವಂತೆ ಜೋಡಿಸಿ, ಅವಳು ಇಳಿದ ಮೇಲೆ ಅವನು ಅದೇ ಸೀಟಿನಲ್ಲಿ ಕೂತು ಕೇಳಿದರೆ, ಈಗ ಹಾಡು ಈ ಕಡೆಗೆ ವಾಲಿರುತ್ತಿತ್ತು. ಹಳೆಯ ಜೋಡಣೆಗೆ ಮರಳಿದರೆ ಅವನಿಗೆ ಸರಿ, ಅವಳಿಗೆ ತಪ್ಪು.

"ಅರ್ಧ ಮಾರ್ಕಿನ ಕಿವಿ ಹೋಗಿದೆ ಕಣ್ರೋ," ಎಂಬ ಪಿಸುಮಾತು ವಿಭಾಗದಲ್ಲಿ ಹರಿದಾಡತೊಡಗಿತು. ಪಿಸುಮಾತು ಕೇಳಿಸದಿರುವಷ್ಟು ಅವಳ ಕಿವಿ ಹೋಗಿರಲಿಲ್ಲ.

ಒಂದು ಬುಧವಾರ ಮುಖ್ಯಸ್ಥರು ಅವಳನ್ನು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಹತ್ತು ಜನ ಹೇಳಿದ್ದೇ ಸತ್ಯ ಎನ್ನುವವರು.

"ನೋಡಮ್ಮಾ, ಶುಕ್ರವಾರ ಕೊನೇ ಪರೀಕ್ಷೆ. ಅವತ್ತೂ ನಾಲ್ಕು ಜನ ಒಂದು ಕಡೆ, ನೀನೊಬ್ಬಳು ಒಂದು ಕಡೆ ಆದ್ರೆ... ಮಂಡಳಿಯಿಂದ ಸ್ವಲ್ಪ ದಿನ ರೆಸ್ಟ್ ತಗೋ."

ರೆಸ್ಟ್! ಕೇಳುಗರ ಕುರ್ಚಿಯಿಂದ ಒಮ್ಮೆ ಎದ್ದವರು ಮರಳಿ ಕೂತದ್ದನ್ನು ಅವಳು ಕಂಡಿರಲಿಲ್ಲ. ಒಂಬತ್ತು ವರ್ಷದ ಹೆಸರು ಅದು. ಏನೋ ಹೇಳಬೇಕೆಂದು ತಲೆ ಎತ್ತುವಾಗ ಮೇಜಿನ ಮೇಲಿದ್ದ ಒಂದು ಹಾಳೆ ಕಣ್ಣಿಗೆ ಬಿತ್ತು.

'ಅಂತಿಮ ಒಪ್ಪಿಗೆಗೆ ಮುನ್ನ ಶ್ರವಣ ಪರೀಕ್ಷೆ ಆಗಬೇಕೆಂದು ಕೋರಿಕೆ.' ಕೆಳಗೆ ಉದ್ದನೆಯ, ಬಾಗಿದ ಸಹಿ. ಚಹಾದ ಲೋಟ ಪಕ್ಕಕ್ಕಿಟ್ಟು ಅವನು ದಿನಾ ಟಿಪ್ಪಣಿ ಬರೆಯುವಾಗ ಕಂಡಿದ್ದ ಅದೇ ಕೈಬರಹ!

'ನನ್ನ ಕಿವಿ ಪರೀಕ್ಷೆ ಮಾಡಿಸೋಕೆ ಇವನೇ ಬರೆದುಕೊಟ್ನಾ? ಪಕ್ಕದಲ್ಲಿ ಕೂತು ನಕ್ಕಿದ್ದು, ಚಹಾ ಕೊಟ್ಟಿದ್ದು... ಎಲ್ಲಾ ಬೆನ್ನಿಗೆ ಚೂರಿ ಹಾಕೋಕಾ?'

ಅಂದು ಸಂಜೆ ಅವಳು ಹೋಗಲಿಲ್ಲ. ಅವನ ಕರೆ ಬಂತು, ಎತ್ತಲಿಲ್ಲ. ಮತ್ತೆ ಬಂತು, ಫೋನನ್ನೇ ದಿಂಬಿನ ಕೆಳಗೆ ತುರುಕಿ ಅತ್ತಳು.

"ಯಾರ ಮೇಲೆ ಈ ಮುನಿಸು?" ಎಂದು ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ನನ್ನ ಕಿವಿ ಹೋಗಿದೆಯಂತೆ ಅಮ್ಮಾ..."

"ನೀನು ಮೂರು ವರ್ಷದವಳಿದ್ದಾಗ ಹಿಂದಿನ ಸೀಟಲ್ಲಿ ಕೂತು, 'ಅಮ್ಮಾ, ಕಾರಿಗೆ ಕೆಮ್ಮು' ಅಂದಿದ್ದೆ. ಮಾರನೇ ದಿನ ಇಂಜಿನ್ ಕೆಟ್ಟು ನಿಂತಿತ್ತು. ಹೋಗಿದ್ರೆ ಹೋಗಿದೆ ಅಂತ ಡಾಕ್ಟ್ರು ಹೇಳ್ಲಿ, ಊರವರಲ್ಲ. ಮುಖ ತೊಳಕೋ."

ಅವಳು ಮುಖ ತೊಳೆದಳು. ಅಳು ಅಲ್ಲಿಗೆ ಮುಗಿಯಿತು. ಗುರುವಾರ ರಜೆ ಹಾಕಿ, ಬೆಳಿಗ್ಗೆಯೇ ಕಿವಿ ವೈದ್ಯರ ಗಾಜಿನ ಕೋಣೆಯಲ್ಲಿ ಕೂತು, ಸಣ್ಣ ಸಣ್ಣ ಶಬ್ದಕ್ಕೂ ಗುಂಡಿ ಒತ್ತಿದಳು. ಫಲಿತಾಂಶ ನೋಡಿದ ವೈದ್ಯೆ ಹುಬ್ಬೇರಿಸಿ, "ಇಂಥ ಕಿವಿ ಇಟ್ಕೊಂಡು ಇಲ್ಲಿಗ್ಯಾಕ್ರೀ ಬಂದ್ರಿ?" ಎಂದರು.

ಹಾಗಾದರೆ ತನ್ನ ಕಿವಿ ಸರಿ. ಮೈಕೂ ಸುಳ್ಳು ಹೇಳದು. ಎರಡೂ ಸರಿಯಿದ್ದರೆ ತಪ್ಪಿರುವುದೆಲ್ಲಿ? 'ಕಂಡುಹಿಡಿದೇ ತೀರ್ತೀನಿ. ಆಮೇಲೆ ಆ ಏಣಿಯ ಮುಖಕ್ಕೆ ಈ ಹಾಳೆ ಎಸೀತೀನಿ!'

ಯೋಚಿಸುತ್ತಾ ಅಮ್ಮನ ಡ್ರೈವಿಂಗ್ ಶಾಲೆಗೆ ಬಂದರೆ, ಅಲ್ಲಿ ಅಮ್ಮ ಕಾರಿನೊಳಗಿಂದ ಸಿಡಿಮಿಡಿಗುಟ್ಟುತ್ತಿದ್ದಳು. ಆಗಷ್ಟೇ ಪಾಠ ಮುಗಿಸಿದ ದೊಡ್ಡ ಆಳೊಬ್ಬ ಸೀಟನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿ ಹೋಗಿದ್ದ.

"ಎಷ್ಟು ಸಲ ಬಡ್ಕೊಳ್ಳೋದು? ಮೊದಲು ಸೀಟು, ಆಮೇಲೆ ಕನ್ನಡಿ, ಕೊನೆಗೆ ಕೀಲಿ! ನನ್ನ ಕಾಲು ಪೆಡಲಿಗೆ ಎಟುಕೋದೇ ಸೀಟು ಪೂರ್ತಿ ಮುಂದಿದ್ರೆ..." ಎನ್ನುತ್ತಾ ಅಮ್ಮ ಸೀಟನ್ನು ಸರ್ರನೆ ಮುಂದಕ್ಕೆಳೆದಳು. ಅವಳ ಮೊಣಕಾಲು ಬಾಗಿಲಿಗೆ ತಾಗಿ ನಿಂತಿತು. ಬಾಗಿಲಲ್ಲಿದ್ದ ಸ್ಪೀಕರ್ ಮೊಣಕಾಲಿನ ಹಿಂದೆ ಪೂರ್ತಿ ಮರೆಯಾಯಿತು.

ಮಗಳು ನಿಂತಲ್ಲೇ ಕಲ್ಲಾದಳು.

"ಅಮ್ಮಾ! ಅಲುಗಾಡ್ಬೇಡ! ಹಾಡು ಹಾಕು!"

*

ಶುಕ್ರವಾರ ಪರೀಕ್ಷಾ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಅವನೂ ಇದ್ದ. ಎರಡು ದಿನದಿಂದ ಕ್ಷೌರ ಕಾಣದ ಮುಖ. ಅವಳನ್ನು ಕಂಡವನೇ ಮುಂದೆ ಬಂದ. "ಫೋನ್ ಯಾಕೆ..."

"ಮಾತು ಆಮೇಲೆ," ಎಂದವಳೇ ಮುಖ್ಯಸ್ಥರ ಕಡೆ ತಿರುಗಿದಳು. "ಸರ್, ಇವತ್ತು ನಾನು ಕೇಳಲ್ಲ. ಇವರು ನನ್ನ ಸೀಟಲ್ಲಿ ಕೂತು ಕೇಳ್ಲಿ."

"ನಾನು ದಿನಾ ಅದೇ ಸೀಟಲ್ಲೇ..." ಎಂದು ಅವನು ತೊದಲಿದ.

"ಅದು ನಿಮ್ಮ ಸೀಟು. ನನ್ನದು ಇದು."

ಅವಳು ಬಾಗಿ ಸೀಟಿನ ಕೆಳಗಿನ ಸನ್ನೆಕೋಲು ಎಳೆದಳು. ಸೀಟು ಒಂದು, ಎರಡು, ಮೂರು... ಹಳಿಯ ಮೇಲೆ ಆರು ಹಲ್ಲು ಮುಂದೆ ಸರಿಯಿತು. ಏಣಿಯಂಥ ಮನುಷ್ಯ ಅದರೊಳಗೆ ಮಡಚಿಕೊಂಡು ಕೂರುವಷ್ಟರಲ್ಲಿ ಮಂಡಿ ಗಲ್ಲಕ್ಕೆ ಬಂದಿತ್ತು! ಕೋಣೆಯಲ್ಲಿ ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ಹಾಡು ಹಾಕಿದಳು.

ಅವನು ಕಣ್ಣು ಮುಚ್ಚಿದ. ಅರ್ಧ ನಿಮಿಷ. ನಗು ಅಡಗಿತು. ಅವನ ಮುಖದ ಬಣ್ಣ ಬದಲಾಯಿತು. ಕೈ ಮೆಲ್ಲನೆ ಕೆಳಗಿಳಿದು ಬಾಗಿಲಿಗೂ ತನ್ನ ಮಂಡಿಗೂ ನಡುವೆ ತಡಕಾಡಿತು.

"ಸ್ಪೀಕರ್... ನನ್ನ ಮಂಡಿ ಹಿಂದೆ ಇದೆ," ಎಂದ. "ಹಾಡು ಆ ಕಡೆ ಬಾಗಿಲಲ್ಲಿದೆ. ದೇವರೇ! ಮೂರು ವಾರದಿಂದ ಇವರು ಹೇಳ್ತಿದ್ದಿದ್ದು ಅಕ್ಷರಶಃ ನಿಜ."

"ಇಳಿಯೋವಾಗ ದಿನಾ ನಾನೇ ಸೀಟು ಹಿಂದಕ್ಕೆ ತಳ್ತಿದ್ದೆ," ಎಂದಳು ಅವಳು. "ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಸರ್, ನನ್ನಷ್ಟೇ ಎತ್ತರದ ಹೆಂಗಸರೆಲ್ಲ ಈ ಕಾರನ್ನ ಹೀಗೇ ಓಡಿಸ್ತಾರೆ. ಅವರ್‍ಯಾರಿಗೂ ಹಾಡು ನೆಟ್ಟಗೆ ಕೇಳಿಸಲ್ಲ. ನಾಲ್ಕೂವರೆ ಅಂದಿದ್ದು ಅದಕ್ಕೆ."

ಮುಖ್ಯಸ್ಥರು ತಲೆ ಕೆರೆದುಕೊಂಡರು. "ಸ್ಪೀಕರನ್ನ ಮೇಲಕ್ಕೆ ಏರಿಸ್ಬೇಕು. ಒಪ್ಪಿಗೆ ಆಮೇಲೆ. ಮತ್ತೆ ನೀನು... ಕುರ್ಚಿ ಬಿಟ್ಟು ಏಳ್ಬೇಡಮ್ಮಾ."

ಎಲ್ಲರೂ ಹೊರಟರು. ಅವಳು ಚೀಲದಿಂದ ವೈದ್ಯರ ಹಾಳೆ ತೆಗೆದು ಅವನ ಮುಂದೆ ಹಿಡಿದಳು.

"ತಗೊಳ್ಳಿ. ಪರೀಕ್ಷೆ ಆಗ್ಬೇಕು ಅಂತ ಬರೆದುಕೊಟ್ಟಿದ್ರಲ್ಲ... ಆಗಿದೆ. ನನ್ನ ಕಿವಿ ಚೆನ್ನಾಗಿದೆ!"

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಕಷ್ಟಪಟ್ಟು ಕಾರಿನಿಂದ ಹೊರಬಂದು, ಜೇಬಿನಿಂದ ಅಂಥದೇ ಇನ್ನೊಂದು ಹಾಳೆ ತೆಗೆದು ಕೊಟ್ಟ. "ಓದಿ."

'ಶ್ರವಣ ಪರೀಕ್ಷೆ. ವಯಸ್ಸು: ಮೂವತ್ತೆರಡು. ಲಿಂಗ: ಗಂಡು.'

"ಗಂಡು?!"

"ನಾನೇ. ಪರೀಕ್ಷೆ ಕೇಳಿದ್ದು ನನ್ನ ಕಿವಿಗೆ," ಎಂದ ಮೆಲ್ಲಗೆ. "ನೀವು ಕೇಳಿಸುತ್ತೆ ಅಂದಿದ್ದು ನನಗೆ ಕೇಳಿಸ್ತಿರಲಿಲ್ಲ. ನಿಮ್ಮ ಕಿವಿ ಮೇಲೆ ಅನುಮಾನ ಬರ್ಲೇ ಇಲ್ಲ. ನನ್ನದೇ ಹೋಗಿರ್ಬೇಕು ಅನ್ಕೊಂಡೆ. ಸಹಿ ಹಾಕೋ ಮೊದಲು ನನ್ನ ಕಿವಿ ನೋಡಿ ಅಂತ ಬರೆದುಕೊಟ್ಟೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಶಬ್ದವನ್ನು ಒಂಬತ್ತು ವರ್ಷ ಪ್ರಮಾಣಿಸಿ ನೋಡಿದವಳು ಒಬ್ಬ ಮನುಷ್ಯನನ್ನು ಒಂದು ಹಾಳೆಯಿಂದ ಅಳೆದುಬಿಟ್ಟಿದ್ದಳು. ಅವಳ ಕಣ್ಣು ತುಂಬಿ ಬಂತು.

"ಕ್ಷಮಿಸಿ... ಆದ್ರೂ! ಮೂರು ವಾರ ಪಕ್ಕದಲ್ಲೇ ಕೂತಿದ್ರಿ. ಸೀಟು ಅಷ್ಟು ಮುಂದಿರೋದು ಕಾಣ್ಲೇ ಇಲ್ವಾ?"

ಅವನು ನೆಲ ನೋಡಿದ. ಕಿವಿಯ ತುದಿ ಕೆಂಪಾಯಿತು.

"ನಾನು... ಸೀಟು ನೋಡ್ತಿರಲಿಲ್ಲ."

ಅವಳು ಅವನ ಹಾಳೆಯನ್ನು ತನ್ನ ಹಾಳೆಯ ಜೊತೆ ಸೇರಿಸಿ, ನಾಲ್ಕಾಗಿ ಮಡಚಿ, ಚೀಲದೊಳಗಿಟ್ಟುಕೊಂಡಳು.

*

ಆರು ವಾರ ಕಳೆದ ಮೇಲೆ ಅದೇ ಕಾರು ಹೊಸ ಬಾಗಿಲು ತೊಟ್ಟು ಬಂತು. ಅವಳು ಸೀಟು ಮುಂದಕ್ಕೆಳೆದು ಕೂತಳು. ಅವನು ಪಕ್ಕದಲ್ಲಿ. ಹಾಡು ಶುರುವಾಯಿತು.

ಹಾಡುವವಳು ಎದುರಿಗೆ, ನಟ್ಟನಡುವೆ ಬಂದು ನಿಂತಳು. ಉಸಿರೆಳೆದುಕೊಂಡದ್ದೂ ಕೇಳಿಸಿತು. ಹಾಡು ಮುಗಿಯಿತು.

"ಎಷ್ಟು?"

"ಒಂಬತ್ತೂವರೆ."

"ಅರ್ಧ ಯಾಕೆ ಕತ್ತರಿಸಿದ್ರಿ?!"

"ಪೂರ್ತಿ ಕೊಟ್ರೆ ನಾಳೆ ಸಂಜೆ ನೀವು ಫ್ಲಾಸ್ಕ್ ಹಿಡ್ಕೊಂಡು ಬರ್ತೀರಾ?"

ಅವನು ಜೋರಾಗಿ ನಕ್ಕ. ಅವಳು ಕಣ್ಣೊರೆಸಿಕೊಂಡು, ಇಳಿಯಲೆಂದು ಅಭ್ಯಾಸದಂತೆ ಸೀಟಿನ ಸನ್ನೆಕೋಲಿಗೆ ಕೈ ಹಾಕಿದಳು. ಅವನು ಆ ಕೈಯನ್ನು ಮೆಲ್ಲನೆ ಹಿಡಿದ.

"ಹಿಂದಕ್ಕೆ ತಳ್ಬೇಡಿ. ಇಲ್ಲೇ ಇರ್ಲಿ."

"ಮತ್ತೆ ನೀವು ಓಡಿಸೋದು ಹೇಗೆ? ಮಂಡಿ ಗಲ್ಲಕ್ಕೆ ಬರುತ್ತೆ..."

"ನೀವು ಓಡಿಸಿ. ನಾನು ಜೀವನಪೂರ್ತಿ ಪಕ್ಕದಲ್ಲಿ ಕೂತಿರ್ತೀನಿ... ಆಗ್ಬಹುದಾ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಹೂಂ... ಆದ್ರೆ ಈ ಸಲ ಸೀಟು ನೋಡ್ಕೊಳ್ಳಿ!"